ಲೈವ್‌ಗೆ ಬಿಡುವ ಮುನ್ನ ವರ್ಕ್‌ಫ್ಲೋವನ್ನು ಸ್ಯಾಂಡ್‌ಬಾಕ್ಸ್‌ನಲ್ಲಿ ಪರೀಕ್ಷಿಸುವುದು ಹೇಗೆ

ಬಿಲ್ಲು ಬಂದೊಡನೆ ಅದನ್ನು ಖರೀದಿ ಆದೇಶದೊಂದಿಗೆ ತಾಳೆ ನೋಡಿ, ಮೊತ್ತ ಮಿತಿಯೊಳಗಿದ್ದರೆ ತಾನೇ ಮಂಜೂರು ಮಾಡಿ, ಮಿತಿ ಮೀರಿದ್ದರೆ ವ್ಯವಸ್ಥಾಪಕರಿಗೆ ಕಳುಹಿಸಿ, ಅವರು ಮೂರು ದಿನ ಉತ್ತರಿಸದಿದ್ದರೆ ಮೇಲಧಿಕಾರಿಗೆ ದಾಟಿಸಿ, ಕೊನೆಗೆ ಬ್ಯಾಂಕಿಗೆ ಪಾವತಿ ಸೂಚನೆ ಕೊಡುವ ಒಂದು ಸ್ವಯಂಚಾಲಿತ ವರ್ಕ್‌ಫ್ಲೋವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಇಂಥದ್ದನ್ನು ಕಟ್ಟಿದವರು ಸಾಮಾನ್ಯವಾಗಿ ಸರಿಯಾದ ಬಿಲ್ಲೊಂದನ್ನು ಹಾಕಿ, ಅದು ಕೊನೆಯ ಹಂತ ಮುಟ್ಟಿದ್ದನ್ನು ಕಂಡು, ಪರೀಕ್ಷೆ ಮುಗಿಯಿತೆಂದುಕೊಳ್ಳುತ್ತಾರೆ. ಎಲ್ಲವೂ ನೆಟ್ಟಗಿದ್ದರೆ ಕೆಲಸ ನಡೆಯುತ್ತದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ನೆಟ್ಟಗಿಲ್ಲದಾಗ ಏನಾಗುತ್ತದೆಂದು ಯಾರಿಗೂ ನಷ್ಟವಾಗದಂತೆ ನೋಡಲೆಂದೇ ಸ್ಯಾಂಡ್‌ಬಾಕ್ಸ್, ಅಂದರೆ ನಿಜ ಬಳಕೆಯ (ಲೈವ್) ವ್ಯವಸ್ಥೆಯಿಂದ ಬೇರೆಯಾಗಿಟ್ಟ ಪರೀಕ್ಷಾ ಪರಿಸರ, ಇರುವುದು.

ಮೊದಲ ಕೆಲಸವೆಂದರೆ ಈ ಪರಿಸರದಿಂದ ಹೊರಗೆ ಹೋಗುವ ದಾರಿಗಳನ್ನೆಲ್ಲ ಪಟ್ಟಿ ಮಾಡಿ ಮುಚ್ಚುವುದು. ಇಮೇಲ್, ಎಸ್‌ಎಂಎಸ್, ಪಾವತಿ, ಬೇರೆ ತಂತ್ರಾಂಶಗಳಿಗೆ ಹೋಗುವ ಎಪಿಐ ಕರೆಗಳು, ಯಾವುದನ್ನೂ ಬಿಡಬಾರದು. 2021ರ ಜೂನ್ 17ರಂದು ವಿಡಿಯೊ ಸ್ಟ್ರೀಮಿಂಗ್ ಸೇವೆ ಎಚ್‌ಬಿಒ ಮ್ಯಾಕ್ಸ್‌ನ ಚಂದಾದಾರರಿಗೆ ‘ಇಂಟಿಗ್ರೇಷನ್ ಟೆಸ್ಟ್ ಇಮೇಲ್ #1’ ಎಂಬ ಶೀರ್ಷಿಕೆಯ ಪತ್ರ ಹೋಗಿ ಜಗತ್ತೆಲ್ಲ ನಕ್ಕಿತು. ಅದು ಪಾವತಿ ಸೂಚನೆಯಾಗಿದ್ದರೆ ಯಾರೂ ನಗುತ್ತಿರಲಿಲ್ಲ. ಗ್ರಾಹಕರ ಮಾಹಿತಿ ನಿರ್ವಹಿಸುವ ತಂತ್ರಾಂಶ ಸೇಲ್ಸ್‌ಫೋರ್ಸ್ ತನ್ನ ಸ್ಯಾಂಡ್‌ಬಾಕ್ಸ್‌ಗಳಲ್ಲಿ ಬಳಕೆದಾರರ ಇಮೇಲ್ ವಿಳಾಸದ ಕೊನೆಗೆ ‘.ಇನ್‌ವ್ಯಾಲಿಡ್’ ಎಂದು ಸೇರಿಸುತ್ತದೆ. ಆದರೆ ಗ್ರಾಹಕರ ಸಂಪರ್ಕ ದಾಖಲೆಗಳಲ್ಲಿರುವ ವಿಳಾಸಗಳನ್ನು ಮುಟ್ಟುವುದಿಲ್ಲವಾದ್ದರಿಂದ ಅವನ್ನು ನೀವೇ ಬದಲಿಸಬೇಕು. ಬದಲಿ ವಿಳಾಸಕ್ಕೆ ‘ಎಕ್ಸಾಂಪಲ್.ಕಾಮ್’ ಡೊಮೇನ್ ಬಳಸಿದರೆ ಸುರಕ್ಷಿತ, ಏಕೆಂದರೆ 1999ರ ಆರ್‌ಎಫ್‌ಸಿ 2606 ಎಂಬ ಅಂತರ್ಜಾಲ ನಿಯಮಗಳ ದಾಖಲೆ ಅದನ್ನು ಉದಾಹರಣೆಗಳಿಗೆಂದೇ ಕಾದಿರಿಸಿದೆ. ಬಾಯಿಗೆ ಬಂದ ಡೊಮೇನ್ ಬರೆದರೆ ಅದು ಯಾರದೋ ನಿಜವಾದ ವಿಳಾಸವಾಗಿರಬಹುದು. ಪರೀಕ್ಷಾ ಪರಿಸರದ ಕೀಲಿಗಳು ಮತ್ತು ಪಾಸ್‌ವರ್ಡ್‌ಗಳು ಲೈವ್ ಪರಿಸರದವುಗಳಿಗಿಂತ ಬೇರೆಯೇ ಆಗಿರಬೇಕು. ಎಲ್ಲ ಬಾಗಿಲು ಮುಚ್ಚಿದ್ದೇವೆಂದು ನಂಬಿ ಕೂರುವುದಕ್ಕಿಂತ, ನೆಟ್‌ವರ್ಕ್ ಮಟ್ಟದಲ್ಲೇ ಲೈವ್ ವಿಳಾಸಗಳಿಗೆ ತಡೆ ಹಾಕುವುದು ಮೇಲು.

ದತ್ತಾಂಶದ ವಿಷಯದಲ್ಲಿ ಕೈಯಿಂದ ಬರೆದ ಹತ್ತು ಚೊಕ್ಕ ಬಿಲ್ಲುಗಳು ಸಾಕಾಗುವುದಿಲ್ಲ. ಲೈವ್ ದತ್ತಾಂಶದ ಪ್ರತಿಯನ್ನು ತೆಗೆದುಕೊಂಡು, ಹೆಸರು, ಫೋನ್, ಬ್ಯಾಂಕ್ ಖಾತೆಗಳನ್ನು ಮರೆಮಾಚಿ ಬಳಸಬೇಕು. ಮರೆಮಾಚುವಾಗ ಒಬ್ಬ ಗ್ರಾಹಕನಿಗೆ ಎಲ್ಲ ಕೋಷ್ಟಕಗಳಲ್ಲೂ ಒಂದೇ ಹುಸಿ ಗುರುತು ಬರಬೇಕು, ಇಲ್ಲವಾದರೆ ದಾಖಲೆಗಳ ನಂಟು ಕಡಿದು, ವರ್ಕ್‌ಫ್ಲೋದಲ್ಲಿಲ್ಲದ ದೋಷಗಳು ಕಾಣಿಸಿಕೊಳ್ಳುತ್ತವೆ. ಖಾಲಿ ಕಾಲಂ, ಶೂನ್ಯ ಮೊತ್ತ, ಋಣ ಮೊತ್ತದ ಕ್ರೆಡಿಟ್ ನೋಟ್, ಎರಡು ಬಾರಿ ನಮೂದಾದ ಸರಬರಾಜುದಾರ, ಇಂಥ ಕೊಳೆಯನ್ನು ತೊಳೆದುಹಾಕದೆ ಹಾಗೆಯೇ ಉಳಿಸಿ. ಮಂಜೂರಾತಿಯ ಮಿತಿ 50,000 ಎಂದಿದ್ದರೆ 49,999, 50,000 ಮತ್ತು 50,001ರ ಮೂರು ಬಿಲ್ಲುಗಳನ್ನು ಹಾಕಿ ನೋಡದೆ, ‘ಮಿತಿಯೊಳಗೆ’ ಎಂಬುದನ್ನು ಕಟ್ಟಿದವರು ಹೇಗೆ ಅರ್ಥಮಾಡಿಕೊಂಡಿದ್ದಾರೆಂದು ಗೊತ್ತಾಗುವುದಿಲ್ಲ.

ಪ್ರತಿ ಪ್ರಕರಣಕ್ಕೂ ನಿರೀಕ್ಷಿತ ಫಲಿತಾಂಶವನ್ನು ಓಡಿಸುವ ಮೊದಲೇ ಬರೆದಿಡಿ. ಓಡಿಸಿದ ಮೇಲೆ ಬರೆಯ ಹೊರಟರೆ ಬಂದ ಫಲಿತಾಂಶವೇ ಸರಿ ಎನ್ನಿಸಿಬಿಡುತ್ತದೆ. ಆಗಬೇಕಾದದ್ದರ ಜೊತೆಗೆ ಆಗಕೂಡದ್ದನ್ನೂ ಬರೆಯಿರಿ: ತಿರಸ್ಕೃತ ಬಿಲ್ಲಿಗೆ ಪಾವತಿ ಸೂಚನೆ ಹೊರಡಕೂಡದು, ಬಿಲ್ಲು ಸಲ್ಲಿಸಿದವರೇ ಅದನ್ನು ಮಂಜೂರು ಮಾಡಲು ಸಾಧ್ಯವಾಗಕೂಡದು. ಇದನ್ನು ಪರೀಕ್ಷಿಸುವಾಗ ಅಡ್ಮಿನ್ ಖಾತೆಯಿಂದ ಲಾಗಿನ್ ಆಗಬೇಡಿ. ಅಡ್ಮಿನ್‌ಗೆ ಎಲ್ಲ ಅನುಮತಿಗಳೂ ಇರುವುದರಿಂದ, ನಾಳೆ ಗುಮಾಸ್ತರಿಗೆ ಎದುರಾಗುವ ಅನುಮತಿ ದೋಷ ನಿಮಗೆ ಎದುರಾಗುವುದೇ ಇಲ್ಲ.

ಹೆಚ್ಚು ಸಮಯ ಕೊಡಬೇಕಾದದ್ದು ವೈಫಲ್ಯಗಳಿಗೆ. ಬ್ಯಾಂಕಿನ ಜಾಗದಲ್ಲಿ ಹುಸಿ ಸರ್ವರ್ ಒಂದನ್ನು ನಿಲ್ಲಿಸಿ. ವೈರ್‌ಮಾಕ್‌ನಂಥ ಉಪಕರಣಗಳು ಈ ಕೆಲಸಕ್ಕೆಂದೇ ಇವೆ. ಅದು ಒಮ್ಮೆ ಸೇವೆ ಸದ್ಯ ಲಭ್ಯವಿಲ್ಲವೆನ್ನುವ 503 ಎಂದು ಉತ್ತರಿಸಲಿ, ಒಮ್ಮೆ ಕರೆಗಳು ಅತಿಯಾದವೆನ್ನುವ 429 ಕೊಡಲಿ, ಇನ್ನೊಮ್ಮೆ ಏನೂ ಹೇಳದೆ ಸುಮ್ಮನಿರಲಿ. ಈ ಕೊನೆಯದೇ ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಬ್ಯಾಂಕು ಹಣ ವರ್ಗಾಯಿಸಿಯೂ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ಟೈಮ್‌ಔಟ್ ಆಯಿತೆಂದು ವರ್ಕ್‌ಫ್ಲೋ ಮತ್ತೆ ಕರೆದರೆ ಒಂದೇ ಬಿಲ್ಲಿಗೆ ಎರಡು ಪಾವತಿಯಾಗುತ್ತದೆ. ಇದನ್ನು ತಡೆಯಲು ಪ್ರತಿ ಪಾವತಿಗೂ ಬದಲಾಗದ ಗುರುತಿನ ಕೀಲಿಯೊಂದನ್ನು ಲಗತ್ತಿಸಿ, ಅದೇ ಕೀಲಿ ಮತ್ತೆ ಬಂದರೆ ಹೊಸ ಪಾವತಿ ಮಾಡದಂತೆ ನೋಡಿಕೊಳ್ಳಬೇಕು. ಹುಸಿ ಸರ್ವರ್ ಕರೆಯನ್ನು ದಾಖಲಿಸಿಕೊಂಡು ಉತ್ತರವನ್ನು ನುಂಗುವಂತೆ ಮಾಡಿ, ಅನಂತರ ಅದರ ಪುಸ್ತಕದಲ್ಲಿ ಎಷ್ಟು ಪಾವತಿಗಳಿವೆಯೆಂದು ಎಣಿಸಿ. ವರ್ಕ್‌ಫ್ಲೋದ ಸ್ವಂತ ಲಾಗ್ ಇಲ್ಲಿ ಸಾಕ್ಷಿಯಾಗಲಾರದು. ಒಳಬರುವ ಸಂದೇಶಗಳ ಕಥೆಯೂ ಇಂಥದ್ದೇ: ಸ್ಟ್ರೈಪ್‌ನಂಥ ಪಾವತಿ ಸೇವೆಗಳು ಒಂದೇ ವೆಬ್‌ಹುಕ್ (ಘಟನೆಯೊಂದು ನಡೆದೊಡನೆ ತಾನೇ ಬರುವ ಸಂದೇಶ) ಎರಡು ಸಲ ಬರಬಹುದು, ಕ್ರಮ ತಪ್ಪಿಯೂ ಬರಬಹುದು ಎಂದು ತಾವೇ ಎಚ್ಚರಿಸುತ್ತವೆ. ಹಾಗಾಗಿ ಒಂದೇ ಸಂದೇಶವನ್ನು ಎರಡು ಬಾರಿ, ಬಳಿಕ ಎರಡು ಸಂದೇಶಗಳನ್ನು ಹಿಂದುಮುಂದಾಗಿ ಕಳುಹಿಸಿ ನೋಡಿ. ಪಾವತಿಗೂ ದಾಖಲೆಗೂ ನಡುವೆ ಸರ್ವರನ್ನೇ ನಿಲ್ಲಿಸಿ ಮತ್ತೆ ಆರಂಭಿಸುವ ಪರೀಕ್ಷೆಯನ್ನಂತೂ ಬಿಡಲೇಬಾರದು.

ಸಮಯದ ಪರೀಕ್ಷೆಯಲ್ಲಿ ಅನೇಕರು ‘ಮೂರು ದಿನ’ ಎಂಬುದನ್ನು ‘ಮೂರು ನಿಮಿಷ’ ಎಂದು ತಿದ್ದಿ ಕಾಯುತ್ತಾರೆ. ನನಗೆ ಇದು ಒಪ್ಪಿತವಲ್ಲ; ಹಾಗೆ ಪರೀಕ್ಷೆಗೊಳಗಾದ ವರ್ಕ್‌ಫ್ಲೋ ಬೇರೆ, ಲೈವ್‌ಗೆ ಹೋಗುವ ವರ್ಕ್‌ಫ್ಲೋ ಬೇರೆ. ಸಾಧ್ಯವಿರುವಲ್ಲೆಲ್ಲ ಪರಿಸರದ ಗಡಿಯಾರವನ್ನೇ ಮುಂದಕ್ಕೆ ಸರಿಸಬೇಕು. ಆಗಲೇ ಶುಕ್ರವಾರ ಸಂಜೆ ಬಂದ ಬಿಲ್ಲಿಗೆ ವಾರಾಂತ್ಯವೂ ಲೆಕ್ಕಕ್ಕೆ ಬರುತ್ತದೆಯೇ, ತಿಂಗಳ ಕೊನೆಯ ದಿನ ಮಧ್ಯರಾತ್ರಿ ಯಾವ ಸಮಯವಲಯದ ಪ್ರಕಾರ ಆಗುತ್ತದೆ ಎಂಬ ಪ್ರಶ್ನೆಗಳು ಎದುರಾಗುತ್ತವೆ. ಫೆಬ್ರವರಿ 29ನ್ನೂ ಸೇರಿಸಿ. 2012ರ ಆ ದಿನ ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆ ಅಜೂರ್ ಕುಸಿದದ್ದು, ಪ್ರಮಾಣಪತ್ರವೊಂದರ ಅವಧಿ ಮುಗಿಯುವ ದಿನವನ್ನು ವರ್ಷದ ಅಂಕಿಗೆ ಒಂದು ಕೂಡಿಸಿ ಲೆಕ್ಕ ಹಾಕಿದ್ದರಿಂದ. ಕ್ಯಾಲೆಂಡರ್‌ನಲ್ಲಿಲ್ಲದ 2013ರ ಫೆಬ್ರವರಿ 29 ಅದರ ಉತ್ತರವಾಗಿ ಬಂದಿತ್ತು.

ಹೊರೆಯ ಪರೀಕ್ಷೆಗೆ ಸ್ಯಾಂಡ್‌ಬಾಕ್ಸ್ ಅಷ್ಟು ನಂಬಿಕಸ್ಥ ಜಾಗವಲ್ಲ. ಅದರ ಸರ್ವರ್ ಸಾಮರ್ಥ್ಯ ಮತ್ತು ಎಪಿಐ ಮಿತಿಗಳು ಹಲವು ಬಾರಿ ಲೈವ್‌ಗಿಂತ ಕಡಿಮೆ ಇರುತ್ತವೆ. ಅಲ್ಲಿ ಕಂಡ ವೇಗವನ್ನು ಭರವಸೆಯೆಂದು ಯಾರಿಗೂ ಹೇಳದಿರುವುದು ಲೇಸು.

ಪರೀಕ್ಷೆ ದಾಟಿದ ಪ್ಯಾಕೇಜನ್ನೇ, ಒಂದಕ್ಷರವೂ ಬದಲಾಗದಂತೆ, ಲೈವ್‌ಗೆ ಕಳುಹಿಸಬೇಕು. ಬೇರೆಯಾಗಬೇಕಾದದ್ದು ವಿಳಾಸ, ಕೀಲಿಗಳ ಸಂರಚನೆ ಮಾತ್ರ. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ದಲ್ಲಾಳಿ ಸಂಸ್ಥೆ ನೈಟ್ ಕ್ಯಾಪಿಟಲ್‌ನ ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ಅದರಲ್ಲಿ ಉಳಿದಿದ್ದ ಹಳೆಯ ಕೋಡ್ ಎದ್ದು ಸುಮಾರು 45 ನಿಮಿಷ ಷೇರು ಕೊಳ್ಳುತ್ತ ಮಾರುತ್ತ ಹೋಯಿತು, ನಷ್ಟ 46 ಕೋಟಿ ಡಾಲರ್ ಮೀರಿತು. ಗೊಂದಲದ ನಡುವೆ ಸಿಬ್ಬಂದಿ ಸರಿಯಾಗಿದ್ದ ಏಳು ಸರ್ವರ್‌ಗಳಿಂದಲೂ ಹೊಸ ಕೋಡನ್ನು ತೆಗೆದುಹಾಕಿದ್ದರಿಂದ ಅನಾಹುತ ಇನ್ನೂ ಹೆಚ್ಚಿತು. ಆದ್ದರಿಂದ ರೋಲ್‌ಬ್ಯಾಕ್ (ಹಳೆಯ ಆವೃತ್ತಿಗೆ ಮರಳುವುದು) ಮತ್ತು ತುರ್ತು ನಿಲುಗಡೆಯನ್ನೂ ಸ್ಯಾಂಡ್‌ಬಾಕ್ಸ್‌ನಲ್ಲಿ ಮಾಡಿ ನೋಡಬೇಕು, ಅದನ್ನು ಮಾಡಬೇಕಾದವರ ಕೈಯಿಂದಲೇ ಮಾಡಿಸಬೇಕು.

ಅನಂತರ ಕೆಲವು ದಿನ ವರ್ಕ್‌ಫ್ಲೋವನ್ನು ನಿಜವಾದ ಬಿಲ್ಲುಗಳ ಮೇಲೆ, ಆದರೆ ಏನನ್ನೂ ಬರೆಯದ, ಯಾರಿಗೂ ಕಳುಹಿಸದ ಸ್ಥಿತಿಯಲ್ಲಿ ಓಡಿಸಿ, ಅದರ ತೀರ್ಮಾನಗಳನ್ನು ಸಿಬ್ಬಂದಿಯ ತೀರ್ಮಾನಗಳೊಂದಿಗೆ ಹೋಲಿಸಿ. ವ್ಯತ್ಯಾಸ ಕಂಡಲ್ಲೆಲ್ಲ ಯಂತ್ರವೇ ತಪ್ಪೆಂದು ಭಾವಿಸಬೇಕಿಲ್ಲ; ಬರೆದಿಟ್ಟ ನಿಯಮವನ್ನು ಬಿಟ್ಟು ಸಿಬ್ಬಂದಿ ಬೇರೆಯೇ ಪದ್ಧತಿ ನಡೆಸಿಕೊಂಡು ಬಂದಿರುವುದು ಹೀಗೆ ಹೊರಬೀಳುವುದುಂಟು. ಇನ್ನು, ಹಳೆಯ ಆವೃತ್ತಿಯಲ್ಲಿ ಅರ್ಧ ದಾರಿ ಸಾಗಿ ವ್ಯವಸ್ಥಾಪಕರ ಉತ್ತರಕ್ಕೆ ಕಾದಿರುವ ಬಿಲ್ಲುಗಳು ಹಳೆಯ ನಿಯಮದಲ್ಲೇ ಮುಗಿಯಬೇಕೇ, ಹೊಸದಕ್ಕೆ ದಾಟಬೇಕೇ ಎಂಬುದನ್ನು ಲೈವ್ ದಿನಕ್ಕೆ ಮೊದಲೇ ತೀರ್ಮಾನಿಸಿ, ಅಂಥ ಅರ್ಧಂಬರ್ಧ ಬಿಲ್ಲುಗಳನ್ನು ಸ್ಯಾಂಡ್‌ಬಾಕ್ಸ್‌ನಲ್ಲಿ ಸೃಷ್ಟಿಸಿ, ಅವುಗಳ ಮೇಲೆಯೇ ಹೊಸ ಆವೃತ್ತಿಯನ್ನು ಹಾಕಿ ನೋಡಬೇಕು.