ಗುಜರಿ ಡ್ರಾಯರ್‌ಗಳು ಗೋಡೆ ಏರಿದ್ದು ಹೀಗೆ

ಹಳೆ ಸಾಮಾನು ತರಲು ಹೋಗುವಾಗ ನಾನು ಪಟ್ಟಿ ಬರೆದುಕೊಂಡು ಹೋಗುವುದಿಲ್ಲ. ಇಂಥದ್ದೇ ಬೇಕು ಅಂತ ಹುಡುಕಿದರೆ ಅದು ಸಿಗುವುದೂ ಇಲ್ಲ, ಕಣ್ಣೆದುರಿಗೆ ಇರುವ ಒಳ್ಳೆ ವಸ್ತು ಕಾಣುವುದೂ ಇಲ್ಲ. ಮೊದಲು ವಸ್ತು, ಆಮೇಲೆ ಯೋಚನೆ. ಇದು ಎಂಥ ಮರ, ಎಂಥ ಬಟ್ಟೆ, ಎಲ್ಲಿ ಗಟ್ಟಿ ಇದೆ, ಎಲ್ಲಿ ಸೋತಿದೆ ಅಂತ ತಿಳಿದುಕೊಂಡರೆ ಏನು ಮಾಡಬೇಕು ಅನ್ನುವುದು ತಾನಾಗಿಯೇ ಹೊಳೆಯುತ್ತದೆ. ನನ್ನ ಮನೆಯ ಮುಂದಿನ ಕೋಣೆ ಪೂರ್ತಿ ಹೀಗೇ ತಯಾರಾಗಿದ್ದು.

ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಗೋಡೆಯ ಗೂಡುಗಳು. ಅವು ಮೊದಲು ಒಂದು ಬೀರುವಿನ ಡ್ರಾಯರ್‌ಗಳಾಗಿದ್ದವು. ಬೀರುವಿನ ಕಾಲು ಮುರಿದಿತ್ತು, ಹಿಂಬದಿಯ ಹಲಗೆ ನೀರು ಕುಡಿದು ಉಬ್ಬಿತ್ತು. ಡ್ರಾಯರ್‌ಗಳು ಮಾತ್ರ ಗಟ್ಟಿಮುಟ್ಟಾಗಿದ್ದವು. ಒಂದನ್ನು ಎಳೆದು ತಲೆಕೆಳಗು ಮಾಡಿ ನೋಡಿದೆ. ಮೂಲೆಗಳಲ್ಲಿ ಒಂದೂ ಮೊಳೆ ಇಲ್ಲ. ಎರಡು ಹಲಗೆಗಳ ತುದಿಯನ್ನು ಹಲ್ಲು ಹಲ್ಲಾಗಿ ಕೊರೆದು ಒಂದಕ್ಕೊಂದು ಕಚ್ಚಿಸಿದ್ದರು. ಇಂಥ ಕೂಡಿಕೆ ಮಾಡಿದ ಕೈ ಅವಸರದ ಕೈ ಅಲ್ಲ. ಅದನ್ನು ನೋಡಿದಾಗಲೇ ಇವನ್ನು ಬಿಡಬಾರದು ಅಂತ ತೀರ್ಮಾನಿಸಿದೆ.

ಮರ ಅಪ್ಪಟವೋ ಅಲ್ಲವೋ ಅಂತ ತಿಳಿಯಲು ಅಂಚು ನೋಡಬೇಕು. ಮೇಲ್ಮೈಯ ಗೆರೆಗಳು ಅಂಚಿನಲ್ಲೂ ಮುಂದುವರಿದಿದ್ದರೆ ಅದು ಒಂದೇ ಮರ. ಪದರ ಪದರವಾಗಿ ಕಂಡರೆ ಪ್ಲೈವುಡ್. ಮೇಲೊಂದು ಬಣ್ಣದ ಮರ, ಅಂಚಿನಲ್ಲಿ ಬೇರೆಯೇ ಇದ್ದರೆ ವೀನಿಯರ್, ಅಂದರೆ ಒಳ್ಳೆ ಮರದ ತೆಳ್ಳನೆಯ ಹಾಳೆ, ಅಂಟಿಸಿದ್ದಾರೆ ಅಂತ ಅರ್ಥ. ಈಗಿನ ವೀನಿಯರ್ ಸಾಮಾನ್ಯವಾಗಿ 1 ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಅದರ ಮೇಲೆ ಒರಟು ಉಪ್ಪು ಕಾಗದ ಆಡಿಸಿದರೆ ಕ್ಷಣದಲ್ಲಿ ಕೆಳಗಿನ ಪದರ ಕಾಣಿಸುತ್ತದೆ, ಮತ್ತೆ ಸರಿ ಮಾಡಲು ಆಗುವುದಿಲ್ಲ.

ಮನೆಯೊಳಗೆ ತರುವ ಮೊದಲು ಕುಟ್ಟೆ ಹಿಡಿದಿದೆಯಾ ನೋಡಲೇಬೇಕು. ಸಣ್ಣ ಸಣ್ಣ ದುಂಡು ತೂತು ಇದ್ದ ಮಾತ್ರಕ್ಕೆ ಗಾಬರಿ ಬೇಡ. ಹುಳ ಹೊರಟು ಹೋಗಿ ವರ್ಷಗಳೇ ಆಗಿರಬಹುದು. ನಾನು ಡ್ರಾಯರ್‌ಗಳನ್ನು ಚೆನ್ನಾಗಿ ತಟ್ಟಿ, ಬ್ರಶ್‌ನಿಂದ ಗುಡಿಸಿ, ಕಪ್ಪು ಕಾಗದದ ಮೇಲೆ ಹೊರಗಡೆ ಇಟ್ಟೆ. ಕಾಗದದ ಮೇಲೆ ಹೊಸದಾಗಿ ಹಿಟ್ಟಿನಂಥ ಪುಡಿ ಬೀಳುತ್ತಿದ್ದರೆ ಹುಳ ಇನ್ನೂ ಇರಬಹುದು. ಬೀಳಲಿಲ್ಲ, ಒಳಗೆ ತಂದೆ. ಸಣ್ಣ ವಸ್ತುವಿನಲ್ಲಿ ಹುಳ ಇದ್ದರೆ ಇನ್ನೊಂದು ದಾರಿ ಇದೆ. ಪ್ಲಾಸ್ಟಿಕ್‌ನಲ್ಲಿ ಗಾಳಿಯಾಡದಂತೆ ಸುತ್ತಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ 2 ವಾರ ಇಡುವುದು. ಮ್ಯೂಸಿಯಂಗಳಲ್ಲೂ ಹೀಗೆ ಔಷಧಿ ಇಲ್ಲದೆ ಹುಳ ಕೊಲ್ಲುತ್ತಾರೆ.

ಇನ್ನು ಪಾಲಿಶ್. ಹಳೆ ಪಾಲಿಶ್ ಕಂಡ ಕೂಡಲೇ ಪೂರ್ತಿ ಕೆರೆದು ಹಾಕುವವರೇ ಜಾಸ್ತಿ. ನನಗೆ ಅದು ಒಪ್ಪುವುದಿಲ್ಲ. ವರ್ಷಗಟ್ಟಲೆ ಬೆಳಕು, ಕೈ ತಾಗಿ ಬಂದ ಬಣ್ಣವನ್ನು ಯಾವ ಡಬ್ಬಿಯಿಂದಲೂ ತರಲಾಗದು. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಸ್ವಲ್ಪ ಹೊತ್ತು ಒತ್ತಿ ಹಿಡಿದೆ. ಪಾಲಿಶ್ ಮೆತ್ತಗಾಗಿ ಅಂಟಂಟಾಯಿತು. ಅಂದರೆ ಅರಗಿನ ಪಾಲಿಶ್. ಇದರಲ್ಲಿ ಒಂದು ಒಳ್ಳೆ ಗುಣ ಇದೆ. ಅರಗನ್ನು ಸ್ಪಿರಿಟ್‌ನಲ್ಲೇ ಕರಗಿಸುವುದರಿಂದ, ಹೊಸ ಪದರ ಹಳೆ ಪದರವನ್ನು ತುಸು ಕರಗಿಸಿಕೊಂಡು ಅದರೊಳಗೆ ಸೇರಿಕೊಳ್ಳುತ್ತದೆ. ಹಾಗಾಗಿ ಎಲ್ಲ ಕಿತ್ತು ಹಾಕುವ ಅಗತ್ಯವೇ ಇಲ್ಲ. ಸೋಪು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಜಿಡ್ಡು ಒರೆಸಿ, ಚೆನ್ನಾಗಿ ಒಣಗಿಸಿ, ಮೇಲೆ ತೆಳ್ಳಗೆ ಅರಗಿನ ಪಾಲಿಶ್ ಕೊಟ್ಟೆ. ಒಂದು ಒಣಗಿದ ಮೇಲೆ ಇನ್ನೊಂದು. ದಪ್ಪ ಬಳಿದರೆ ಅಂಟು ಬಿಡುವುದೇ ಇಲ್ಲ.

ಡ್ರಾಯರ್‌ಗಳ ಒಳಬದಿಗೆ ಪಾಲಿಶ್ ಇರಲಿಲ್ಲ, ಬರೀ ಮರ. ಅದನ್ನು ಮಾತ್ರ ಉಜ್ಜಿದೆ. 120 ನಂಬರಿನ ಉಪ್ಪು ಕಾಗದ, ಆಮೇಲೆ ಅದಕ್ಕಿಂತ ನಯವಾದ 180, ಕೊನೆಗೆ 220. ಯಾವಾಗಲೂ ಮರದ ಎಳೆ ಹೋದ ದಿಕ್ಕಿನಲ್ಲೇ. ಅಡ್ಡ ಉಜ್ಜಿದ ಗೀರು ಆಗ ಕಾಣಿಸುವುದಿಲ್ಲ, ಪಾಲಿಶ್ ಬಿದ್ದ ಕೂಡಲೇ ಎದ್ದು ಕಾಣುತ್ತದೆ. ಕೊನೆಯ ಸಲ ಉಜ್ಜುವ ಮೊದಲು ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಲು ಬಿಡುತ್ತೇನೆ. ನವಿರು ನಾರೆಲ್ಲ ಎದ್ದು ನಿಲ್ಲುತ್ತದೆ. ಅದನ್ನು 220ರಲ್ಲಿ ತೆಗೆದರೆ ಮರ ಆಮೇಲೆ ಒರಟಾಗುವುದಿಲ್ಲ. ಈ ಕೆಲಸಕ್ಕೆ ಸಮಯ ಹಿಡಿಯುತ್ತದೆ, ಮಾಸ್ಕ್ ಬೇಕೇ ಬೇಕು. ಆದರೆ ಬೂದು ಹಲಗೆಯ ಕೆಳಗಿನಿಂದ ಜೇನಿನ ಬಣ್ಣ ಮೇಲೆದ್ದು ಬರುವುದನ್ನು ನೋಡುವ ಖುಷಿ ಇದೆಯಲ್ಲ, ಅದಕ್ಕಾಗಿಯೇ ನಾನು ಮೆಷಿನ್ ಬಿಟ್ಟು ಕೈಯಲ್ಲೇ ಉಜ್ಜುವುದು.

ಹಳೆ ಪೇಂಟ್ ದಪ್ಪವಾಗಿ ಬಳಿದ ಸಾಮಾನನ್ನು ಮಾತ್ರ ನಾನು ಹೀಗೆ ಉಜ್ಜುವುದಿಲ್ಲ. ಹಿಂದಿನ ಪೇಂಟ್‌ಗಳಲ್ಲಿ ಸೀಸ ಬೆರೆಸುತ್ತಿದ್ದರು. ಅಮೆರಿಕದಲ್ಲಿ ಮನೆ ಬಳಕೆಯ ಪೇಂಟ್‌ನಲ್ಲಿ ಅದು ನಿಷೇಧವಾಗಿದ್ದೇ 1978ರಲ್ಲಿ. ಆ ಧೂಳು ಮಕ್ಕಳ ಮಿದುಳಿಗೆ ಕೆಟ್ಟದ್ದು. ಎಷ್ಟು ಚೆಂದದ ವಸ್ತುವಾದರೂ ಅಂಥದ್ದನ್ನು ಅಲ್ಲೇ ಬಿಟ್ಟು ಬರುತ್ತೇನೆ.

ಡ್ರಾಯರನ್ನು ಗೋಡೆಗೆ ಹಾಕುವಾಗ ಅದರ ತಳ ಗೋಡೆ ಕಡೆಗೆ, ತೆರೆದ ಬಾಯಿ ನಮ್ಮ ಕಡೆಗೆ ಬರುತ್ತದೆ. ಹಿಡಿ ಇರುವ ಮುಂಭಾಗ ಯಾವ ಕಡೆ ಇರಬೇಕು? ನಾನು ಕೆಳಗೆ ಬರುವ ಹಾಗೆ ಇಟ್ಟೆ. ಇದಕ್ಕೆ ಕಾರಣ ಇದೆ. ಆ ಹಲ್ಲಿನ ಕೂಡಿಕೆ ಮಾಡಿದ್ದೇ ಹಿಡಿ ಹಿಡಿದು ಎಳೆದಾಗ ಮುಂಭಾಗ ಕಿತ್ತು ಬರಬಾರದು ಅಂತ. ಈಗ ಪುಸ್ತಕದ ಭಾರ ಅದೇ ದಿಕ್ಕಿಗೆ ಜಗ್ಗುತ್ತದೆ. ಕೂಡಿಕೆ ಹಿಂದೆ ಮಾಡುತ್ತಿದ್ದ ಕೆಲಸವನ್ನೇ ಈಗಲೂ ಮಾಡುತ್ತಿದೆ. ಕೆಳಗೆ ಇಳಿಬಿದ್ದ ಹಿಡಿಗಳಿಗೆ ಬಟ್ಟೆ ಚೀಲ, ಛತ್ರಿ ನೇತುಹಾಕುತ್ತೇವೆ.

ತಳದ ಹಲಗೆಗೆ ಸುಮ್ನೆ ಸ್ಕ್ರೂ ಹೊಡೆದು ನೇತುಹಾಕಬಾರದು. ಅದು ತೆಳುವಾದ ಹಲಗೆ, ಬರೀ ಪಕ್ಕದ ಹಲಗೆಗಳಲ್ಲಿ ಕೊರೆದ ಸಣ್ಣ ಕಾಲುವೆಯಲ್ಲಿ ಸಿಕ್ಕಿಸಿರುತ್ತಾರೆ. ಒಳಗೆ, ಮೇಲ್ಭಾಗಕ್ಕೆ ತಾಗಿ ಒಂದು ದಪ್ಪ ಮರದ ಪಟ್ಟಿಯನ್ನು ಗೋಂದು ಹಚ್ಚಿ, ಪಕ್ಕದ ಹಲಗೆಗಳಿಗೂ ಸೇರಿಸಿ ಸ್ಕ್ರೂ ಮಾಡಿದೆ. ತಳಕ್ಕೂ ಗೋಡೆಗೂ ನಡುವೆ ಸಂದಿ ಉಳಿಯುತ್ತದಲ್ವಾ, ಅಲ್ಲಿಗೆ ಅಷ್ಟೇ ದಪ್ಪದ ಇನ್ನೊಂದು ಪಟ್ಟಿ. ಈ ಎರಡು ಪಟ್ಟಿಗಳ ಮೂಲಕ ಉದ್ದ ಸ್ಕ್ರೂ ಗೋಡೆಯ ಪ್ಲಗ್‌ಗೆ, ಅಂದರೆ ಸ್ಕ್ರೂ ಹಿಡಿದುಕೊಳ್ಳಲು ಗೋಡೆಯ ತೂತಿನಲ್ಲಿ ಕೂರಿಸಿದ ಸಣ್ಣ ಕೊಳವೆಗೆ, ಹೋಗುತ್ತದೆ. ಭಾರವೆಲ್ಲ ಪಟ್ಟಿಯ ಮೇಲೆ.

ಹಿಡಿಗಳು ಕಪ್ಪಾಗಿದ್ದವು. ಹಿತ್ತಾಳೆಯಾ ಅಂತ ನೋಡಲು ಅಯಸ್ಕಾಂತ ಹಿಡಿದೆ, ಅಂಟಿಕೊಳ್ಳಲಿಲ್ಲ. ಅಂಟಿದ್ದರೆ ಅದು ಹಿತ್ತಾಳೆಯ ಲೇಪ ಕೊಟ್ಟ ಕಬ್ಬಿಣ, ಜಾಸ್ತಿ ಉಜ್ಜಿದರೆ ಲೇಪ ಹೋಗುತ್ತದೆ. ತುಕ್ಕು ಹಿಡಿದ ಕಬ್ಬಿಣದ ಕೊಕ್ಕೆಗಳನ್ನು ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಹಾಕಿ, ಬೆಳಿಗ್ಗೆ ಬ್ರಶ್‌ನಲ್ಲಿ ತಿಕ್ಕಿ, ಸೋಡಾ ಪುಡಿಯ ನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಸವರಿದೆ. ತಡ ಮಾಡಿದರೆ ಮತ್ತೆ ತುಕ್ಕು ಬರುತ್ತದೆ.

ಗೂಡುಗಳ ಕೆಳಗಿನ ತಗ್ಗು ಬೆಂಚನ್ನು ಸರಕು ಸಾಗಿಸುವ ಪ್ಯಾಲೆಟ್ ಮರದಿಂದ ಮಾಡಿದೆ. ಪ್ಯಾಲೆಟ್ ಮೇಲಿನ ಮುದ್ರೆ ನೋಡದೆ ತರಬೇಡಿ. ‘ಎಚ್‌ಟಿ’ ಅಂತ ಇದ್ದರೆ ಮರದ ಒಳಭಾಗವನ್ನು 56 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಮಾಡಿದ್ದಾರೆ ಅಂತ ಅರ್ಥ. ‘ಎಂಬಿ’ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಕಿದ್ದು, ಅದು ಮನೆಗೆ ಬೇಡ. ಕಲೆ, ವಾಸನೆ ಇದ್ದರೂ ಬೇಡ.

ಬೆಂಚಿನ ದಿಂಬುಗಳಿಗೆ ಹಳೆ ಪರದೆ ಬಟ್ಟೆ. ಅಂಚಿನಿಂದ ಎರಡು ನೂಲು ಎಳೆದು, ಚಿಮುಟದಲ್ಲಿ ಹಿಡಿದು ಸುಟ್ಟು ನೋಡಿದೆ. ಕಾಗದದಂತೆ ಉರಿದು ಮೆತ್ತನೆಯ ಬೂದಿ ಉಳಿಯಿತು, ಹತ್ತಿ. ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಬಿಸಿಲಿಗೆ ಸವೆದ ಜಾಗ ತೆಳ್ಳಗೆ ಕಾಣುತ್ತದೆ. ಆ ಭಾಗ ಬಿಟ್ಟು ಉಳಿದದ್ದನ್ನು ಬಿಸಿ ನೀರಿನಲ್ಲಿ ಒಗೆದೇ ಕತ್ತರಿಸಿದೆ. 40 ಸೆಂಟಿಮೀಟರ್ ದಿಂಬಿಗೆ, ಹೊಲಿಗೆಯ ಜಾಗ ಬಿಟ್ಟು 38 ಸೆಂಟಿಮೀಟರ್ ಕವರ್ ಹೊಲಿದರೆ ದಿಂಬು ತುಂಬಿಕೊಂಡು ಕೂರುತ್ತದೆ. ಜಿಪ್ ಹಾಕಲಿಲ್ಲ. ಹಿಂಭಾಗದ ಎರಡು ತುಂಡುಗಳು 12 ಸೆಂಟಿಮೀಟರಿನಷ್ಟು ಒಂದರ ಮೇಲೊಂದು ಬರುವಂತೆ ಬಿಟ್ಟರೆ ಸಾಕು.

ಎದುರಿನ ಗೋಡೆಗೆ ಬೇರೆ ಬೇರೆ ಅಳತೆಯ ಹಳೆ ಫೋಟೋ ಚೌಕಟ್ಟುಗಳನ್ನು ಹಾಕಿದೆ. ಒಂದಕ್ಕೂ ಇನ್ನೊಂದಕ್ಕೂ ಹೋಲಿಕೆ ಇಲ್ಲ. ಅವಕ್ಕೆ ಒಂದೇ ಬಣ್ಣ ಬಳಿಯುವ ಬದಲು ಒಳಗಿನ ಕಾಗದವನ್ನು ಒಂದೇ ಬಣ್ಣದ್ದು ಮಾಡಿದೆ. ಅಷ್ಟಕ್ಕೇ ಎಲ್ಲ ಒಂದೇ ಬಳಗದಂತೆ ಕಾಣುತ್ತವೆ. ಮೊಳೆ ಹೊಡೆಯುವ ಮೊದಲು ಪ್ರತಿ ಚೌಕಟ್ಟಿನ ಅಳತೆಗೆ ಕಾಗದ ಕತ್ತರಿಸಿ ಗೋಡೆಗೆ ಅಂಟಿಸಿ, ಸರಿಸಾಡಿ ನೋಡಿದೆ. ಇಡೀ ಗುಂಪಿನ ನಡುಮಧ್ಯ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರಕ್ಕೆ ಬಂದರೆ ನಿಂತವರ ಕಣ್ಣಿಗೆ ಸರಿಹೊಂದುತ್ತದೆ. ಚೌಕಟ್ಟಿನ ಕೆಳಗಿನ ಎರಡೂ ಮೂಲೆಗಳ ಹಿಂದೆ ಸಣ್ಣ ರಬ್ಬರ್ ಚೂರು ಅಂಟಿಸಿದ್ದೇನೆ. ಬಾಗಿಲು ಬಡಿದರೂ ಅವು ಓರೆಯಾಗುವುದಿಲ್ಲ, ಗೋಡೆಗೂ ಗೀರು ಬೀಳುವುದಿಲ್ಲ.