ಕಬುಕಿಚೋದಲ್ಲಿ 8,000 ಯೆನ್‌ಗೆ ಒಂದು ರಾತ್ರಿ: ನನ್ನ ಲೆಕ್ಕ

ಟೋಕಿಯೋದ ಶಿಂಜುಕು ನೋಡಿಬಂದ ಗೆಳೆಯರೆಲ್ಲ ಹೇಳಿದ್ದು ಒಂದೇ ಮಾತು: ಕಿಸೆಯಲ್ಲಿ 20,000 ಯೆನ್ ಇಲ್ಲದೆ ರಾತ್ರಿ ಹೊತ್ತು ಅಲ್ಲಿನ ಬಾರ್‌ಗಳ ಬೀದಿ ಕಬುಕಿಚೋ ಕಡೆ ಹೋಗಲೇಬೇಡ. ಮೊದಲ ಐದು ರಾತ್ರಿ ಅವರ ಮಾತೇ ನಿಜವಾಯಿತು. ಆರನೆಯದರಿಂದ ಈಚೆಗೆ ನನ್ನ ಖರ್ಚು 8,000 ದಾಟಿಲ್ಲ, ರೈಲು, ಊಟ ಎಲ್ಲ ಸೇರಿ.

ದುಡ್ಡು ಹೆಚ್ಚು ಸೋರುವುದು ಸೀಟ್ ಚಾರ್ಜ್‌ನಲ್ಲಿ. ಕಬುಕಿಚೋದ ಮೂಲೆಯಲ್ಲಿರುವ ಪುಟ್ಟ ಬಾರ್‌ಗಳ ಜಾಗ ಗೋಲ್ಡನ್ ಗೈ. ಅದರ ಆರು ಓಣಿಗಳಲ್ಲಿ 200ಕ್ಕೂ ಹೆಚ್ಚು ಬಾರ್‌ಗಳಿವೆ, ಬಹುತೇಕ ಕಡೆ ಆರೋ ಎಂಟೋ ಸೀಟು ಅಷ್ಟೆ. ಒಬ್ಬರು ಒಂದೇ ಗ್ಲಾಸ್ ಹಿಡಿದು ಎರಡು ಗಂಟೆ ಕೂತರೆ ಅಂಗಡಿ ನಡೆಯುವುದಿಲ್ಲ. ಅದಕ್ಕೇ ತಲೆಗಿಷ್ಟು ಎಂದು ಹಾಕುತ್ತಾರೆ. ನಾನು ಕೊಟ್ಟದ್ದು 500ರಿಂದ 1,500 ಯೆನ್ ತನಕ. ಡ್ರಿಂಕ್ ಒಂದಕ್ಕೆ 900 ಆಸುಪಾಸು. ಚಾರ್ಜ್ ಸರಾಸರಿ 800 ಎಂದು ಹಿಡಿದರೆ, ಐದು ಬಾರ್ ಸುತ್ತಿ ಒಂದೊಂದು ಡ್ರಿಂಕ್ ಕುಡಿದಾಗ 8,500 ಆಗುತ್ತದೆ. ಅದರಲ್ಲಿ 4,000 ಬರೀ ಕೂತದ್ದಕ್ಕೆ. ಎರಡೇ ಬಾರ್, ಎರಡೆರಡು ಡ್ರಿಂಕ್ ಎಂದರೆ 5,200. ಎರಡನೇ ಗ್ಲಾಸ್ ಹೊತ್ತಿಗೆ ಪಕ್ಕದವರೂ ಮಾತಿಗೆ ಸಿಗುತ್ತಾರೆ. ಓಣಿ ಓಣಿ ಸುತ್ತಿದ ರಾತ್ರಿಗಳಲ್ಲಿ ಅದೂ ಸಿಕ್ಕಿರಲಿಲ್ಲ.

ಬಾಗಿಲ ಹೊರಗೆ ದರದ ಬೋರ್ಡ್ ಇದ್ದರೆ ಓದಿಯೇ ಒಳಗೆ ಹೋಗಿ. ಇಲ್ಲದಿದ್ದರೆ ಹೊಸ್ತಿಲಲ್ಲೇ ನಿಂತು ‘ಚಾಜಿ ವಾ ಇಕುರಾ ದೆಸ್ ಕಾ’ (ಚಾರ್ಜ್ ಎಷ್ಟು) ಎಂದು ಕೇಳಿ. ಉತ್ತರ ಸ್ಪಷ್ಟವಾಗಿ ಬರದಿದ್ದರೆ ಮುಂದಿನ ಬಾಗಿಲು. ಕೆಲವು ಬಾರ್‌ಗಳು ಪರಿಚಿತ ಗಿರಾಕಿಗಳಿಗೆ ಮಾತ್ರ. ಎರಡು ಕೈ ಅಡ್ಡ ಹಿಡಿದು ತೋರಿಸಿದರೆ ಬೇಸರ ಮಾಡಿಕೊಳ್ಳಬೇಡಿ. ಇಬ್ಬರಿಗಿಂತ ಹೆಚ್ಚು ಜನ ಜೊತೆಗೆ ಹೋದರೆ ಸೀಟು ಸಿಗುವುದು ಕಷ್ಟ. ಕೇಳದೆಯೇ ಮುಂದೆ ಬಂದು ಕೂರುವ ತಿನಿಸಿನ ಸಣ್ಣ ಬಟ್ಟಲು, ‘ಒತೋಶಿ’, ಚಾರ್ಜ್‌ನಲ್ಲೇ ಸೇರಿದೆಯೋ ಬೇರೆಯೋ ಎಂದು ಮೊದಲೇ ಕೇಳಿಕೊಳ್ಳಿ. ಸಸ್ಯಾಹಾರಿಗಳು ಅದನ್ನು ಮುಟ್ಟದಿರುವುದೇ ಕ್ಷೇಮ, ತರಕಾರಿಯಂತೆ ಕಂಡರೂ ಮೀನಿನ ಸಾರು ಬಿದ್ದಿರಬಹುದು. ಮುಟ್ಟದಿದ್ದರೂ ದುಡ್ಡು ಸಾಮಾನ್ಯವಾಗಿ ಕೊಡಲೇಬೇಕು. ಟಿಪ್ಸ್ ಇಡುವ ಪದ್ಧತಿ ಇಲ್ಲ.

ರಸ್ತೆಯಲ್ಲಿ ಹಿಂದೆ ಬಿದ್ದು ಕರೆಯುವವರ ಜೊತೆ ಹೋಗಲೇಬೇಡಿ. ಗಂಟೆಗೆ 3,000, ಎಷ್ಟಾದರೂ ಕುಡಿಯಿರಿ ಎನ್ನುತ್ತಾರೆ. ಬಿಲ್ ಬರುವಾಗ ಹತ್ತಾರು ಸಾವಿರ ಆಗಿರುತ್ತದೆ. ಹೀಗೆ ಗಿರಾಕಿ ಹಿಡಿಯುವುದು ಅಲ್ಲಿ ನಿಷಿದ್ಧ, ಎಚ್ಚರಿಕೆಯನ್ನು ಧ್ವನಿವರ್ಧಕದಲ್ಲೇ ಹೇಳುತ್ತಿರುತ್ತಾರೆ. ಉತ್ತರ ಕೊಡದೆ, ನಡಿಗೆ ನಿಧಾನ ಮಾಡದೆ ಮುಂದೆ ಹೋಗಿ. ‘ಬೇಡ’ ಎಂದರೂ ಅದನ್ನೇ ಮಾತಿನ ಆರಂಭ ಮಾಡಿಕೊಳ್ಳುತ್ತಾರೆ. ನಾನು ಕ್ರೆಡಿಟ್ ಕಾರ್ಡ್ ರೂಮಿನಲ್ಲೇ ಬಿಟ್ಟು, ನೋಟುಗಳನ್ನು ಎರಡು ಕಿಸೆಗೆ ಹಂಚುತ್ತೇನೆ: ಒಂದೊಂದು ಬಾರ್‌ಗೆ ಒಂದೊಂದು ಕಿಸೆ. ಕಿಸೆ ಖಾಲಿಯಾದರೆ ಎದ್ದುಬಿಡುವುದು.

ಎರಡನೇ ದೊಡ್ಡ ನಷ್ಟ ಕೊನೆಯ ರೈಲು ತಪ್ಪುವುದು. ಶಿಂಜುಕುವಿನಿಂದ ರೈಲು ಸಿಕ್ಕರೆ ಸಾಲದು, ಬದಲಿಸುವ ಲೈನ್‌ನಲ್ಲೂ ಸಿಗಬೇಕು. ಊರಿನ ಇನ್ನೊಂದು ಬದಿಯ ಆಸಾಕುಸಾದಲ್ಲಿ ರೂಮಿದ್ದಾಗ ನಾನು ನೋಡಬೇಕಿದ್ದದ್ದು, ರೈಲು ಬದಲಿಸುವ ಕಾಂದಾ ಸ್ಟೇಷನ್‌ನಲ್ಲಿ ಗಿಂಜಾ ಲೈನ್‌ನ ಕೊನೆಯ ರೈಲು. ಅದನ್ನು ನೋಡದೆ ಎರಡು ಸಲ ಟ್ಯಾಕ್ಸಿ ಹಿಡಿದೆ, ಸಲಕ್ಕೆ ಸುಮಾರು 5,000. ರಾತ್ರಿ 10ರಿಂದ ಬೆಳಗಿನ 5ರ ತನಕ ಶೇ. 20 ಹೆಚ್ಚುವರಿ ಬೇರೆ. ಈಗ ರೂಮಿನ ಬಾಗಿಲಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ. ಓಣಿಯಿಂದ ಶಿಂಜುಕು ಸ್ಟೇಷನ್‌ನ ಪೂರ್ವ ದ್ವಾರಕ್ಕೆ ನಡಿಗೆ ಹತ್ತೇ ನಿಮಿಷ, ಆದರೆ ಆ ಸ್ಟೇಷನ್ ಒಳಗೆ ಪ್ಲಾಟ್‌ಫಾರ್ಮ್ ಹುಡುಕುವುದಕ್ಕೂ ಸೇರಿಸಿ 25 ನಿಮಿಷ ಇಟ್ಟುಕೊಳ್ಳಿ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಬೆಳಗಿನ ಮೊದಲ ರೈಲಿನ ತನಕ ಮಾಂಗಾ ಕೆಫೆಯಲ್ಲಿ (ಕಾಮಿಕ್ಸ್ ಓದುತ್ತ ರಾತ್ರಿ ಕಳೆಯಬಹುದಾದ ಜಾಗ) ಮಲಗಿದರೆ 2,500ರೊಳಗೆ ಮುಗಿಯುತ್ತದೆ, ಟ್ಯಾಕ್ಸಿಯ ಅರ್ಧ; ಆದರೆ ಮರುದಿನ ಪೂರ್ತಿ ಹಾಳು. ಸ್ಟೇಷನ್‌ನ ಪಶ್ಚಿಮಕ್ಕಿರುವ ತಿಂಡಿ ಅಂಗಡಿಗಳ ಓಣಿ ಒಮೋಯಿದೆ ಯೋಕೋಚೋದಲ್ಲಿ ಹೊಗೆಯೂ ಯಾಕಿತೋರಿ (ಸುಟ್ಟ ಕೋಳಿ) ಕಡ್ಡಿಯೂ ಚೆನ್ನ, ಆದರೆ ಅಲ್ಲಿ ತಿಂದು ಏಳಬೇಕು, ಮಾತಿಗೆ ಕೂರುವ ಜಾಗವಲ್ಲ. ಮಳೆ ನಿಂತ ಮೇಲೆ ಒದ್ದೆ ನೆಲದಲ್ಲಿ ನಿಯಾನ್ ಬೆಳಕಿನ ಫೋಟೋ ಬೇಕೆಂದರೆ ಕಬುಕಿಚೋದ ಅಗಲ ರಸ್ತೆಗಳಲ್ಲಿ ತೆಗೆಯಿರಿ. ಗೋಲ್ಡನ್ ಗೈನ ಓಣಿಗಳಲ್ಲಿ ಅನುಮತಿಯಿಲ್ಲದೆ ಕ್ಯಾಮೆರಾ ಎತ್ತಬಾರದು.

ಈಗಿನ ಲೆಕ್ಕ ಹೀಗಿದೆ: ಬಾರ್‌ಗೆ 5,200, ಹೋಗುವ ಮೊದಲೇ ಹೊಟ್ಟೆ ತುಂಬ ಊಟಕ್ಕೆ 1,000, ರೈಲಿಗೆ ಸುಮಾರು 800. ಉಳಿದ 1,000 ಚಾರ್ಜ್ ಹೆಚ್ಚಿರುವ ಬಾರ್‌ಗೆ. ವಾರದ ನಡುವೆ, ಎಂಟರ ಸುಮಾರಿಗೆ, ಬಾಗಿಲು ತೆರೆಯುತ್ತಿದ್ದಂತೆ ಹೋಗುತ್ತೇನೆ. ಎರಡನೇ ಬಾರ್ ಆರಿಸಲು ನನ್ನದೊಂದು ಗುರುತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿರುವುದು ಆರೇ ಸೀಟು.