ಒಂದು ಸಂಜೆಗೆ ಒಂದೇ ಮೆಟ್ಟಿಲು: ಅವಸರವಿಲ್ಲದೆ ಭೂದೃಶ್ಯ ತೆಗೆಯುವುದು ಹೇಗೆ?

ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸುವುದು ನಮ್ಮಲ್ಲಿ ವಾಡಿಕೆ. ಮೊದಲ ಸಲ ನಾನೂ ಹಾಗೆಯೇ ಹೋಗಿದ್ದೆ. ರಾತ್ರಿ ಕೋಣೆಗೆ ಬಂದು ನೋಡಿದರೆ ಕ್ಯಾಮೆರಾದಲ್ಲಿ ಆರುನೂರಕ್ಕೂ ಹೆಚ್ಚು ಚಿತ್ರಗಳು. ಎಲ್ಲವೂ ಸ್ಪಷ್ಟವಾಗಿದ್ದವು, ಆದರೆ ಒಂದರಲ್ಲೂ ಆ ಊರಿನ ಬೆಳಕು ಇರಲಿಲ್ಲ. ನಡುಮಧ್ಯಾಹ್ನದ ಬಿಸಿಲಿಗೆ ಕೆಂಪು ಬಂಡೆಗಳೆಲ್ಲ ಬಿಳಿಚಿಕೊಂಡಿದ್ದವು. ಎರಡನೆಯ ಸಲ ಹೋದಾಗ ಒಂದು ಸಂಜೆಯನ್ನು ಪೂರ್ತಿಯಾಗಿ ಬಾದಾಮಿಯ ಅಗಸ್ತ್ಯ ತೀರ್ಥ ಎಂಬ ಕೆರೆಯ ಒಂದು ಮೆಟ್ಟಿಲಿಗೆ ಕೊಟ್ಟೆ. ಹಾಗೆ ಕುಳಿತು ಚಿತ್ರ ತೆಗೆಯುವ ಕ್ರಮವನ್ನು ಆ ಕೆರೆಯ ದಂಡೆಯಿಂದಲೇ ಹೇಳುತ್ತೇನೆ. ನಿಮ್ಮೂರಿನ ಕೆರೆಗೂ ಗುಡ್ಡಕ್ಕೂ ಇದು ಹೊಂದುತ್ತದೆ.

ದಿಕ್ಕು ತಿಳಿದುಕೊಳ್ಳಿ

ಮನೆಯಲ್ಲಿರುವಾಗಲೇ ನಕ್ಷೆ ತೆರೆದು ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ಬೆಳಕು ಎಲ್ಲಿಂದ ಬರುತ್ತದೆ? ಬಾದಾಮಿಯ ಕೆರೆಗೆ ಉತ್ತರಕ್ಕೂ ದಕ್ಷಿಣಕ್ಕೂ ಗುಡ್ಡಗಳಿವೆ. ಪಡುವಣಕ್ಕೆ ಊರು, ಮೂಡಣ ದಂಡೆಯಲ್ಲಿ ಭೂತನಾಥ ದೇವಾಲಯ. ಇಳಿಬಿಸಿಲು ಊರಿನ ಮೇಲಿಂದ ಬಂದು ನೇರವಾಗಿ ದೇವಾಲಯಕ್ಕೂ ಅದರ ಹಿಂದಿನ ಬಂಡೆಗೂ ಬೀಳುತ್ತದೆ. ಆದ್ದರಿಂದ ಅದು ಸಂಜೆಯ ಜಾಗ. ಬೆಳಿಗ್ಗೆ ಸೂರ್ಯ ಬಂಡೆಯ ಹಿಂದಿನಿಂದ ಏಳುವುದರಿಂದ ದೇವಾಲಯ ನೆರಳಿನಲ್ಲೇ ಉಳಿಯುತ್ತದೆ.

ಋತುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ಸೂರ್ಯ ನೇರ ಪಶ್ಚಿಮಕ್ಕೆ ಮುಳುಗುತ್ತಾನೆ. ಡಿಸೆಂಬರಿನಲ್ಲಿ ಅಲ್ಲಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ. ಆಗ ದಕ್ಷಿಣದ ಗುಡ್ಡದ ನೆರಳು ಕೆರೆಯ ಮೇಲೆ ಬೇಗ ಚಾಚಿಕೊಳ್ಳುತ್ತದೆ. ಮಳೆಗಾಲದ ಲೆಕ್ಕ ಬೇರೆ. ಜೋರು ಮಳೆ ಬಿದ್ದ ಮೇಲೆ ಅಕ್ಕ-ತಂಗಿ ಜಲಪಾತ ಬಂಡೆಯಿಂದ ಇಳಿಯತೊಡಗಿದರೆ ಬಿಸಿಲಿನ ಹಂಗೇ ಬೇಡ.

ಎರಡು ಗಂಟೆ ಮುಂಚೆ ಬನ್ನಿ

ನಿಧಾನ ಎಂದರೆ ತಡವಾಗಿ ಹೋಗುವುದಲ್ಲ. ಎಲ್ಲರಿಗಿಂತ ಮೊದಲು ಬಂದವನಿಗೆ ಮಾತ್ರ ನಿಧಾನವಾಗಿರಲು ಸಾಧ್ಯ. ಅದರಲ್ಲೂ ನಮ್ಮ ನಾಡಿನಲ್ಲಿ ಸಂಜೆ ಚಿಕ್ಕದು. ಯುರೋಪಿನಂತಹ ಉತ್ತರದ ದೇಶಗಳಲ್ಲಿ ಸೂರ್ಯ ಓರೆಯಾಗಿ ಜಾರುತ್ತಾ ಮುಳುಗುತ್ತಾನೆ, ನಮ್ಮಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ತೋಳು ಚಾಚಿ ದಿಗಂತದ ಮೇಲೆ ಬೆರಳುಗಳನ್ನು ಅಡ್ಡ ಹಿಡಿದರೆ, ಸೂರ್ಯ ಮುಳುಗಲು ಬೆರಳಿಗೆ ಹದಿನೈದು ನಿಮಿಷದಂತೆ ಸಮಯ ಉಳಿದಿದೆ ಎಂಬ ಲೆಕ್ಕವನ್ನು ಎಷ್ಟೋ ಕಡೆ ಹೇಳುತ್ತಾರೆ. ಅದನ್ನು ಇಲ್ಲಿ ನಂಬಬೇಡಿ. ನಮ್ಮ ಅಕ್ಷಾಂಶದಲ್ಲಿ ಒಂದು ಬೆರಳಿಗೆ ಸುಮಾರು ಎಂಟು ನಿಮಿಷ, ನಾಲ್ಕು ಬೆರಳಿಗೆ ಅರ್ಧ ಗಂಟೆ, ಅಷ್ಟೇ. ಕೆಂಪು ಮರಳುಗಲ್ಲು ಕೆಂಡದಂತೆ ಕಾಣುವ ಹೊತ್ತು ಆ ನಾಲ್ಕು ಬೆರಳಿನೊಳಗೇ ಮುಗಿದುಹೋಗುತ್ತದೆ. ಜಾಗ ಹುಡುಕುವುದನ್ನು ಆಗ ಶುರುಮಾಡಿದರೆ ಗಡಿಬಿಡಿಯಲ್ಲದೆ ಬೇರೇನೂ ಕೈಗೆ ಸಿಗುವುದಿಲ್ಲ.

ಮೊದಲ ಅರ್ಧ ಗಂಟೆ ಬರಿಗೈ

ಬಂದ ಕೂಡಲೇ ಕ್ಯಾಮೆರಾ ತೆಗೆಯಬೇಡಿ. ಇದು ಎಲ್ಲಕ್ಕಿಂತ ಕಷ್ಟದ ಹಂತ, ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ದಂಡೆಯ ಉದ್ದಕ್ಕೂ ನಡೆಯಿರಿ, ಕುಳಿತು ನೋಡಿ, ನಿಂತು ನೋಡಿ. ಕುಳಿತಾಗ ನೀರಿನಲ್ಲಿ ಗೋಪುರದ ಪ್ರತಿಬಿಂಬ ಪೂರ್ತಿ ಕಾಣುತ್ತದೆಯೇ, ನಿಂತಾಗ ತುದಿ ಕತ್ತರಿಸುತ್ತದೆಯೇ ಎಂಬುದನ್ನು ಕಣ್ಣೇ ಹೇಳುತ್ತದೆ.

ಅವತ್ತು ನಾನು ಕುಳಿತಿದ್ದ ಮೆಟ್ಟಿಲಿನಿಂದ ಹತ್ತು ಮಾರು ದೂರದಲ್ಲಿ ಒಬ್ಬ ತಾಯಿ ಬಟ್ಟೆ ಒಗೆಯುತ್ತಿದ್ದರು. ಒದ್ದೆ ಸೀರೆ ಕಲ್ಲಿಗೆ ಬಡಿದಾಗಲೆಲ್ಲ ಆ ಸದ್ದು ಎದುರಿನ ಬಂಡೆಗೆ ತಾಕಿ ಮರಳುತ್ತಿತ್ತು. ಸದ್ದು ಮರಳಿದ ಮೇಲೆ, ಬಹಳ ನಿಧಾನವಾಗಿ, ಅಲೆ ಹೊರಡುತ್ತಿತ್ತು. ನೀರಿನಲ್ಲಿ ಭೂತನಾಥನ ಪ್ರತಿಬಿಂಬ ಮೊದಲು ಗೆರೆಗೆರೆಯಾಗಿ, ಆಮೇಲೆ ಚೂರುಚೂರಾಗಿ, ಮತ್ತೆ ಒಂದೊಂದೇ ಚೂರು ಬಂದು ಸೇರಿಕೊಂಡು ದೇವಾಲಯವಾಗುತ್ತಿತ್ತು. ಇಷ್ಟಕ್ಕೆ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯುತ್ತಿತ್ತು. ಕಣ್ಣಿಗೆ ಕ್ಯಾಮೆರಾ ಹಿಡಿದಿದ್ದರೆ ಈ ಲಯ ನನಗೆ ತಿಳಿಯುತ್ತಲೇ ಇರಲಿಲ್ಲ. ಯಾವಾಗ ಕಾಯಬೇಕು, ಯಾವಾಗ ಒತ್ತಬೇಕು ಎಂಬುದನ್ನು ಅದೇ ನನಗೆ ಹೇಳಿಕೊಟ್ಟಿತು. ಬಟ್ಟೆ ಒಗೆಯುವವರ ಮುಖಕ್ಕೆ ಕ್ಯಾಮೆರಾ ತಿರುಗಿಸದಿರುವುದು ನಾವು ತೋರಬೇಕಾದ ಕನಿಷ್ಠ ಮರ್ಯಾದೆ ಎಂಬ ಮಾತನ್ನೂ ಇಲ್ಲಿ ಸೇರಿಸುತ್ತೇನೆ. ಕೆರೆ ಮೊದಲು ಅವರದು, ಆಮೇಲೆ ನಮ್ಮದು.

ಕ್ಯಾಮೆರಾ ಊರುವುದು

ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಅನುಮತಿ ಇಲ್ಲದಿದ್ದರೆ ಒಂದು ಬಟ್ಟೆಯ ಚೀಲಕ್ಕೆ ಒಂದು ಕಿಲೋ ಜೋಳ ತುಂಬಿ ಬಾಯಿ ಹೊಲಿದು ಒಯ್ಯಿರಿ. ಚೀಲವನ್ನು ಮೆಟ್ಟಿಲ ಮೇಲಿಟ್ಟು, ನಡುವೆ ಗುಳಿ ಮಾಡಿ ಕ್ಯಾಮೆರಾ ಕೂರಿಸಿದರೆ ಕಾಳು ಸರಿದು ಅದನ್ನು ಭದ್ರವಾಗಿ ಹಿಡಿದುಕೊಳ್ಳುತ್ತದೆ. ಬಾದಾಮಿಯಲ್ಲಿ ಕೋತಿಗಳು ವಿಪರೀತ, ಆದ್ದರಿಂದ ಚೀಲದ ಮೇಲೆ ಕಣ್ಣಿರಲಿ.

ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಪ್ರಮಾಣ) 100, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ರಂಧ್ರ) ಎಫ್ 8 ಅಥವಾ ಎಫ್ 11 ಇಟ್ಟುಕೊಂಡರೆ ಸಾಕು. ಎಫ್ 16 ದಾಟಿದರೆ ಬೆಳಕು ಕಿರಿದಾದ ರಂಧ್ರದಲ್ಲಿ ಚದುರಿ ಚಿತ್ರದ ಮೊನಚು ಕಡಿಮೆಯಾಗುತ್ತದೆ. ಎರಡು ಸೆಕೆಂಡಿನ ಟೈಮರ್ ಹಾಕಿದರೆ ಬೆರಳು ಒತ್ತಿದ ನಡುಕ ಚಿತ್ರಕ್ಕೆ ಇಳಿಯುವುದಿಲ್ಲ. ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಅನ್ನು ಆಟೋದಲ್ಲಿ ಬಿಡಬೇಡಿ. ಅದು ಬಂಡೆಯ ಕೆಂಪನ್ನೇ ದೋಷವೆಂದು ತಿಳಿದು ತಿದ್ದಿಬಿಡುತ್ತದೆ, ಡೇಲೈಟ್‌ಗೆ ಇಟ್ಟರೆ ಕೆಂಪು ಕೆಂಪಾಗಿಯೇ ಉಳಿಯುತ್ತದೆ. ಆಕಾಶವನ್ನು ಗಾಢವಾಗಿಸಿ ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಚೀಲದಲ್ಲೇ ಇರಲಿ. ಸೂರ್ಯ ನಿಮ್ಮ ಬೆನ್ನ ಹಿಂದಿದ್ದಾಗ ಆಕಾಶದ ಮೇಲೆ ಅದರ ಪ್ರಭಾವ ಅತ್ಯಲ್ಪ. ಸಾಲದ್ದಕ್ಕೆ, ನೀವು ಕಾದು ಕುಳಿತ ಪ್ರತಿಬಿಂಬವನ್ನೇ ಅದು ಮಸುಕು ಮಾಡಬಹುದು.

ಮೊಬೈಲ್‌ ಇದ್ದರೂ ಸಾಕು. ಪರದೆಯಲ್ಲಿ ಬಂಡೆಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಹೆಚ್ಚಿನ ಫೋನ್‌ಗಳಲ್ಲಿ ಫೋಕಸ್ ಮತ್ತು ಬೆಳಕು ಅಲ್ಲೇ ನಿಲ್ಲುತ್ತವೆ. ಆಮೇಲೆ ಬೆರಳನ್ನು ಕೆಳಗೆ ಎಳೆದು ಬೆಳಕನ್ನು ತುಸು ತಗ್ಗಿಸಿ. ಜೂಮ್ ಮಾಡಬೇಡಿ.

ಒಂದು ಚೌಕಟ್ಟು, ಹಲವು ಬೆಳಕು

ಚೌಕಟ್ಟು ಒಮ್ಮೆ ಒಪ್ಪಿಗೆಯಾದ ಮೇಲೆ ಅದನ್ನು ಬದಲಿಸಬೇಡಿ, ಬದಲಾಗುವ ಕೆಲಸವನ್ನು ಬೆಳಕಿಗೇ ಬಿಡಿ. ಹತ್ತು ನಿಮಿಷಕ್ಕೊಂದು ಚಿತ್ರ ತೆಗೆಯಿರಿ, ನಡುವೆ ಪರದೆ ನೋಡಬೇಡಿ. ಹೊತ್ತು ಇಳಿದಂತೆ ಬಂಡೆ ಮೊದಲು ಇಟ್ಟಿಗೆಯ ಬಣ್ಣಕ್ಕೆ, ಆಮೇಲೆ ಕುಂಕುಮದ ಕಡೆಗೆ ತಿರುಗುತ್ತದೆ. ಕೊನೆಯಲ್ಲಿ ಊರ ಕಡೆಯಿಂದ ನೆರಳು ನೀರನ್ನು ದಾಟಿ ದೇವಾಲಯದ ಕಂಬಗಳ ಬುಡಕ್ಕೆ ಏರುತ್ತದೆ. ಆ ನೆರಳು ಶಿಖರ ಮುಟ್ಟುವ ಮುಂಚಿನ ಎರಡು ಮೂರು ನಿಮಿಷಗಳಲ್ಲಿ ಮಾತ್ರ ಸ್ವಲ್ಪ ಹೆಚ್ಚು ಚಿತ್ರ ತೆಗೆಯಲು ಅಡ್ಡಿಯಿಲ್ಲ.

ಮುಳುಗಿದ ಮೇಲೆ ಏಳಬೇಡಿ

ಸೂರ್ಯ ಮರೆಯಾದದ್ದೇ ತಡ, ದಂಡೆಯಲ್ಲಿದ್ದ ಎಲ್ಲರೂ ಎದ್ದು ಹೊರಟುಬಿಡುತ್ತಾರೆ. ನನಗೆ ಪ್ರತಿ ಸಲವೂ ಅವರನ್ನು ಕರೆದು ಕೂರಿಸಬೇಕೆನಿಸುತ್ತದೆ. ಏಕೆಂದರೆ ಮೂಡಣದ ಆಕಾಶ ಆಗಷ್ಟೇ ಶುರುವಾಗಿರುತ್ತದೆ. ಮೋಡವಿಲ್ಲದ ಸಂಜೆಯಲ್ಲಿ ಅಲ್ಲಿ ಬೂದುನೀಲಿ ಪಟ್ಟಿಯೊಂದು ಏಳುತ್ತದೆ, ಅದರ ಮೇಲೆ ತಿಳಿ ಗುಲಾಬಿ ಪಟ್ಟಿ. ಕೆಳಗಿನ ನೀಲಿ ನಮ್ಮ ಭೂಮಿಯದೇ ನೆರಳು, ವಾತಾವರಣದ ಮೇಲೆ ಬಿದ್ದದ್ದು. ಬಾದಾಮಿಯಲ್ಲಿ ಬಂಡೆಗಳು ನೀಲಿಯ ಬುಡವನ್ನು ಮರೆಮಾಡಿದರೂ ಗುಲಾಬಿ ಅವುಗಳ ನೆತ್ತಿಯ ಮೇಲೆ ನಿಲ್ಲುತ್ತದೆ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಎಲ್ಲವೂ ಕರಗಿಹೋಗುತ್ತದೆ. ಈಗ ಶಟರ್ ಒಂದೆರಡು ಸೆಕೆಂಡ್ ತೆರೆದಿರಬೇಕಾದೀತು, ಜೋಳದ ಚೀಲ ನಿಜವಾಗಿ ಕೆಲಸಕ್ಕೆ ಬರುವುದು ಈಗಲೇ. ಅಷ್ಟು ಹೊತ್ತು ತೆರೆದಿಟ್ಟರೆ ಸಣ್ಣ ಅಲೆಗಳು ತಾವಾಗಿಯೇ ನುಣುಪಾಗುತ್ತವೆ.

ವಾರ ಬಿಟ್ಟು ನೋಡಿ

ತೆಗೆದ ರಾತ್ರಿಯೇ ಆಯ್ಕೆಗೆ ಕೂರಬೇಡಿ. ಆ ಸಂಜೆಯ ಸಂತೋಷ ಮನಸ್ಸಿನಲ್ಲಿ ಹಸಿಯಾಗಿರುವಾಗ ಎಲ್ಲ ಚಿತ್ರವೂ ಚೆನ್ನಾಗಿಯೇ ಕಾಣುತ್ತದೆ. ನಾನು ಒಂದು ವಾರ ಬಿಟ್ಟು ತೆರೆದಾಗ ಇದ್ದದ್ದು ಹತ್ತೊಂಬತ್ತು ಚಿತ್ರ. ಉಳಿಸಿಕೊಂಡದ್ದು ಕೊನೆಯದಕ್ಕಿಂತ ಒಂದು ಮುಂಚಿನದು. ಅದರಲ್ಲಿ ದೇವಾಲಯ ಕಪ್ಪಾಗಿದೆ. ಆ ತಾಯಿ ಬಟ್ಟೆ ಎತ್ತಿಕೊಂಡು ಹೋದ ಮೇಲೂ ಒಗೆಯುವ ಕಲ್ಲು ಒಣಗಿರಲಿಲ್ಲ, ಆಕಾಶದ ಗುಲಾಬಿ ಬಣ್ಣ ಅಂಗೈಯಗಲ ಅದರ ಮೇಲೆ ಬಿದ್ದಿದೆ.